ಗಾಳಕ್ಕೆ ಸಿಕ್ಕ ಕಡಲಹಕ್ಕಿ

ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ ಎಂಬ ಮೂರು ಭೂಖಂಡಗಳ ತುದಿಯನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ, ಅಂಟಾರ್ಕ್ಟಿಕದ ಹಿಮನೆಲ ಸಿಕ್ಕುವವರೆಗೂ ಕೆಲವು ಚದುರಿದ ದ್ವೀಪಗಳನ್ನು ಬಿಟ್ಟರೆ ನೀರಲ್ಲದೆ ಬೇರೇನೂ ಇಲ್ಲ. ಅಲ್ಲಿ ಗಾಳಿಗೆ ಅಡ್ಡ ನಿಲ್ಲುವ ಬೆಟ್ಟಗಳ ಸಾಲಿಲ್ಲ. ಅಲೆಯನ್ನು ತಡೆದು ನಿಲ್ಲಿಸುವ ದಡವಿಲ್ಲ. ಪಡುವಣದಿಂದ ಬೀಸುವ ಗಾಳಿಯು ಭೂಮಂಡಲವನ್ನೇ ಸುತ್ತುವಂತೆ ಅಲ್ಲಿ ಎಡೆಬಿಡದೆ ಹರಿಯುತ್ತದೆ. ಹಾಯಿಹಡಗಿನ ಕಾಲದ ನಾವಿಕರು ನಲವತ್ತನೆಯ ಅಕ್ಷಾಂಶದ ಆಚೆಗಿನ ಈ ಕಡಲಿಗೆ ‘ಗರ್ಜಿಸುವ ನಲವತ್ತು’ ಎಂದು ಹೆಸರಿಟ್ಟಿದ್ದರು. ಮನುಷ್ಯನ ಎದೆಯನ್ನು ನಡುಗಿಸುವ ಈ ಗಾಳಿಯೇ ಒಂದು ಹಕ್ಕಿಗೆ ಬದುಕಿನ ಆಸರೆ. ಗಾಳಿ ನಿಂತರೆ ಅದು ನೀರಿನ ಮೇಲೆ ಕುಳಿತು ಕಾಯುತ್ತದೆ; ಗಾಳಿ ಎದ್ದರೆ ತಾನೂ ಏಳುತ್ತದೆ. ಆ ಹಕ್ಕಿಯ ಹೆಸರು ಆಲ್ಬಟ್ರಾಸ್.

ಆಲ್ಬಟ್ರಾಸ್ ಪಕ್ಷಿಗಳಲ್ಲಿ 22 ಜಾತಿಗಳುಂಟು. ಅವುಗಳಲ್ಲೆಲ್ಲ ದೊಡ್ಡದು ಅಲೆಮಾರಿ ಆಲ್ಬಟ್ರಾಸ್. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರೂವರೆ ಮೀಟರುಗಳವರೆಗೆ ಅಗಲವಾಗುತ್ತದೆ. ಇಂದು ಬದುಕಿರುವ ಯಾವ ಹಕ್ಕಿಗೂ ಇಷ್ಟು ವಿಸ್ತಾರವಾದ ರೆಕ್ಕೆಗಳಿಲ್ಲ. ಈ ರೆಕ್ಕೆಗಳನ್ನು ಅದು ಬಡಿಯುವುದು ಬಹಳ ಅಪರೂಪ. ಅಲೆಯ ಮೇಲಿನ ಗಾಳಿಯ ಬಲವನ್ನೇ ಬಳಸಿಕೊಂಡು, ಏರಿ, ಇಳಿದು, ಮತ್ತೆ ಏರಿ, ಗಂಟೆಗಟ್ಟಲೆ ತೇಲುತ್ತ ಹೋಗುತ್ತದೆ. 1989ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಕ್ರೋಜೆ ದ್ವೀಪಗಳಲ್ಲಿ ಕೆಲವು ಹಕ್ಕಿಗಳ ಬೆನ್ನಿಗೆ ಪುಟ್ಟ ಯಂತ್ರಗಳನ್ನು ಕಟ್ಟಿ, ಉಪಗ್ರಹದ ನೆರವಿನಿಂದ ಅವುಗಳ ದಾರಿಯನ್ನು ಗುರುತಿಸಿದರು. ಗೂಡಿನಿಂದ ಆಹಾರಕ್ಕಾಗಿ ಹೊರಟ ಹಕ್ಕಿಯು ಒಂದೇ ಸಂಚಾರದಲ್ಲಿ 3,600ರಿಂದ 15,000 ಕಿಲೋಮೀಟರುಗಳಷ್ಟು ದೂರ ತಿರುಗಿ ಮರಳುತ್ತಿತ್ತು. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214 ಕಿಲೋಮೀಟರುಗಳೆಂಬುದನ್ನು ನೆನೆದರೆ, ಈ ಹಕ್ಕಿಯ ಅತಿ ಸಣ್ಣ ಪ್ರಯಾಣವೂ ಒಂದು ದೇಶವನ್ನು ದಾಟಿದಂತೆಯೇ ಸರಿ.

ಇಷ್ಟೆಲ್ಲ ತಿರುಗುವ ಪಕ್ಷಿಯು ಸಂಸಾರದ ವಿಷಯದಲ್ಲಿ ಮಾತ್ರ ಅತ್ಯಂತ ನಿಧಾನಿ. ಅದು ಜೊತೆಗೂಡಿ ಗೂಡು ಕಟ್ಟಲು ಸುಮಾರು ಹತ್ತು ವರ್ಷ ತುಂಬಬೇಕು. ಒಮ್ಮೆ ಆರಿಸಿಕೊಂಡ ಸಂಗಾತಿಯನ್ನು ಸಾಮಾನ್ಯವಾಗಿ ಬಾಳಿನುದ್ದಕ್ಕೂ ಬಿಡುವುದಿಲ್ಲ. ಇಡುವುದು ಒಂದೇ ಮೊಟ್ಟೆ. ಅದಕ್ಕೆ ಗಂಡು ಹೆಣ್ಣುಗಳೆರಡೂ ಸರದಿಯಂತೆ ಸುಮಾರು ಹನ್ನೊಂದು ವಾರ ಕಾವು ಕೊಡುತ್ತವೆ. ಮರಿಯು ಹೊರಬಂದ ಮೇಲೆ ಅದು ಹಾರಲು ಕಲಿಯುವುದಕ್ಕೆ ಇನ್ನೂ ಒಂಬತ್ತು ತಿಂಗಳು ಬೇಕು. ಚಳಿಗಾಲದ ಹಿಮದಲ್ಲಿ ಗೂಡಿನ ಮೇಲೆ ಒಂಟಿಯಾಗಿ ಕುಳಿತ ಮರಿಗೆ ತಾಯಿತಂದೆಗಳು ದೂರದ ಕಡಲಿನಿಂದ ಆಹಾರ ತಂದು ಉಣಿಸುತ್ತವೆ. ಇದೆಲ್ಲ ಮುಗಿಯುವಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ. ಆದುದರಿಂದ ಮರಿಯನ್ನು ಸಾಕಿ ಬೆಳೆಸಿದ ಅಲೆಮಾರಿ ಆಲ್ಬಟ್ರಾಸ್ ಮತ್ತೆ ಮೊಟ್ಟೆಯಿಡುವುದು ಎರಡು ವರ್ಷಕ್ಕೊಮ್ಮೆ ಮಾತ್ರ.

ಬಹಳ ಮರಿಗಳನ್ನು ಹಡೆಯದ ಈ ಹಕ್ಕಿಗೆ ಪ್ರಕೃತಿಯು ಅದರ ಬದಲಾಗಿ ದೀರ್ಘಾಯುಷ್ಯವನ್ನು ಕೊಟ್ಟಿದೆ. ಆಲ್ಬಟ್ರಾಸಿನ ಕೆಲವು ಜಾತಿಗಳು ದಕ್ಷಿಣದಲ್ಲಲ್ಲದೆ ಉತ್ತರ ಪೆಸಿಫಿಕ್ ಸಾಗರದಲ್ಲಿಯೂ ಬಾಳುತ್ತವೆ. ಅಲ್ಲಿನ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಚಾಂಡ್ಲರ್ ರಾಬಿನ್ಸ್ ಎಂಬ ವಿಜ್ಞಾನಿಯು ಲೇಸನ್ ಆಲ್ಬಟ್ರಾಸ್ ಜಾತಿಯ ಒಂದು ಹೆಣ್ಣುಹಕ್ಕಿಯ ಕಾಲಿಗೆ ಗುರುತಿನ ಬಳೆಯನ್ನು ತೊಡಿಸಿದನು. ಆಗಲೇ ಅದು ಪ್ರಾಯದ ಹಕ್ಕಿ. 2002ರಲ್ಲಿ, ನಲವತ್ತಾರು ವರ್ಷಗಳ ಬಳಿಕ, ಅದೇ ವಿಜ್ಞಾನಿಯ ಕೈಗೆ ಅದೇ ಹಕ್ಕಿ ಮತ್ತೆ ಸಿಕ್ಕಿತು. ವಿಸ್ಡಂ, ಎಂದರೆ ವಿವೇಕ, ಎಂದು ಹೆಸರು ಪಡೆದ ಆ ಹಕ್ಕಿಯು 2024ರ ಕೊನೆಯಲ್ಲಿ ಅದೇ ದ್ವೀಪಕ್ಕೆ ಮರಳಿ ಇನ್ನೊಂದು ಮೊಟ್ಟೆಯನ್ನಿಟ್ಟಿತು. ಆಗ ಅದರ ವಯಸ್ಸು ಕಡಿಮೆಯೆಂದರೂ 74. ಬಳೆ ತೊಡಿಸಿದ ವಿಜ್ಞಾನಿಯು ಅಷ್ಟರಲ್ಲಿ ತೀರಿಕೊಂಡಿದ್ದನು. ಬಳೆ ತೊಟ್ಟ ಹಕ್ಕಿ ಇನ್ನೂ ಹಾರುತ್ತಿತ್ತು. ದೀರ್ಘಕಾಲ ಬದುಕುವುದು, ನಿಧಾನವಾಗಿ ಮರಿ ಬೆಳೆಸುವುದು: ಈ ಎರಡರ ಹೊಂದಾಣಿಕೆಯ ಮೇಲೆ ಆಲ್ಬಟ್ರಾಸ್ ಸಂತತಿಯು ನಿಂತಿದೆ. ಇವುಗಳಲ್ಲಿ ಮೊದಲನೆಯದು ಕುಸಿದರೆ ಎರಡನೆಯದು ತಾನೇ ತಾನಾಗಿ ನಿಲ್ಲಲಾರದು.

ಈ ಹಕ್ಕಿಗೂ ಹಡಗಿಗೂ ಇರುವ ನಂಟು ಹಳೆಯದು. ಮೈಲಿಗಟ್ಟಲೆ ದೂರದಿಂದ ಆಹಾರದ ವಾಸನೆಯನ್ನು ಹಿಡಿಯಬಲ್ಲ ಆಲ್ಬಟ್ರಾಸ್, ಹಡಗಿನಿಂದ ಎಸೆದ ಎಂಜಲನ್ನು ಹೆಕ್ಕಲು ಶತಮಾನಗಳಿಂದ ಹಡಗುಗಳ ಬೆನ್ನುಹತ್ತಿ ಬಂದಿದೆ. ಅದರ ಆಹಾರವೆಲ್ಲ ನೀರಿನ ಮೇಲ್ಮೈಯಲ್ಲಿ ಅಥವಾ ಅದರ ಸ್ವಲ್ಪ ಕೆಳಗೆ ಸಿಕ್ಕುವಂಥದು. ಇಂಗ್ಲಿಷ್ ಕವಿ ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಕಥನಕವನದಲ್ಲಿ ನಾವಿಕನೊಬ್ಬನು ಹಡಗನ್ನು ಹಿಂಬಾಲಿಸಿ ಬಂದ ಆಲ್ಬಟ್ರಾಸನ್ನು ಬಾಣ ಹೂಡಿ ಕೊಲ್ಲುತ್ತಾನೆ. ಆ ಪಾಪಕ್ಕಾಗಿ ಬಾಳೆಲ್ಲ ಪಶ್ಚಾತ್ತಾಪಪಡುತ್ತಾನೆ. ಅವನು ಕೊಂದದ್ದು ಒಂದೇ ಹಕ್ಕಿಯನ್ನು, ಅದೂ ಕಣ್ಣಾರೆ ಕಂಡು, ಗುರಿಯಿಟ್ಟು. ಇಪ್ಪತ್ತನೆಯ ಶತಮಾನದಲ್ಲಿ ನಡೆದುದು ಇದಕ್ಕೆ ತೀರ ಬೇರೆಯಾದ ಕಥೆ. ಯಾರೂ ಬಾಣ ಹೂಡಲಿಲ್ಲ, ಯಾರೂ ಗುರಿಯಿಡಲಿಲ್ಲ. ಆದರೂ ಹಕ್ಕಿಗಳು ಸಾವಿರಗಟ್ಟಲೆ ಸತ್ತವು.

1950ರ ದಶಕದಲ್ಲಿ ಜಪಾನಿನ ಮೀನುಗಾರಿಕೆಯ ಹಡಗುಗಳು ಟ್ಯೂನಾ ಮೀನನ್ನು ಅರಸುತ್ತ ದಕ್ಷಿಣದ ಕಡಲಿಗೆ ಇಳಿದವು. ಅನಂತರ ಬೇರೆ ದೇಶಗಳ ಹಡಗುಗಳೂ ಬಂದವು. ಅವು ಬಳಸುವ ಸಾಧನಕ್ಕೆ ಲಾಂಗ್‌ಲೈನ್, ಅಂದರೆ ಉದ್ದಗಾಳ, ಎಂದು ಹೆಸರು. ಕೆರೆಯ ದಂಡೆಯಲ್ಲಿ ಕುಳಿತವನ ಕೈಯಲ್ಲಿ ಒಂದು ಕೋಲು, ಒಂದು ದಾರ, ಒಂದು ಗಾಳವಿರುತ್ತದೆ. ಈ ಹಡಗುಗಳ ಹಗ್ಗವಾದರೋ ನೂರು ಕಿಲೋಮೀಟರಿಗೂ ಹೆಚ್ಚು ಉದ್ದವಿರಬಹುದು. ಹೆದ್ದಾರಿಯಲ್ಲಿ ಒಂದು ಪಟ್ಟಣದಿಂದ ಮತ್ತೊಂದು ಪಟ್ಟಣಕ್ಕೆ ಹಗ್ಗ ಹಾಸಿದಂತೆ ಅದನ್ನು ಕಡಲಿನಲ್ಲಿ ಹಾಸುತ್ತಾರೆ. ಆ ಹಗ್ಗದಿಂದ ಕವಲುಹುರಿಗಳು ಇಳಿಬಿದ್ದಿರುತ್ತವೆ. ಪ್ರತಿಯೊಂದು ಹುರಿಯ ತುದಿಯಲ್ಲಿ ಒಂದು ಕೊಕ್ಕೆ, ಕೊಕ್ಕೆಗೆ ಸಿಕ್ಕಿಸಿದ ಎರೆ. ಮೀನು ಇಲ್ಲವೆ ಕರಾವಳಿಯವರು ಬೊಂಡಾಸ ಎಂದು ಕರೆಯುವ ಸ್ಕ್ವಿಡ್ ಆ ಎರೆಯಾಗಿರುತ್ತದೆ. ಒಂದು ಹಗ್ಗದಲ್ಲಿ ಇಂತಹ ಕೊಕ್ಕೆಗಳು ಸಾವಿರಗಟ್ಟಲೆ.

ಹಡಗು ಮುಂದೆ ಸಾಗುತ್ತಿರುವಂತೆ ಹಿಂಬದಿಯಿಂದ ಈ ಕೊಕ್ಕೆಗಳನ್ನು ಒಂದೊಂದಾಗಿ ನೀರಿಗೆ ಬಿಡುತ್ತಾರೆ. ನೀರಿಗೆ ಬಿದ್ದ ಕೊಕ್ಕೆಯು ಒಡನೆಯೇ ಮುಳುಗುವುದಿಲ್ಲ. ಆಳಕ್ಕೆ ಇಳಿಯುವ ಮೊದಲು ಸ್ವಲ್ಪ ಹೊತ್ತು ಮೇಲ್ಮೈಯ ಸಮೀಪದಲ್ಲಿಯೇ ತೇಲುತ್ತದೆ. ಅನಾಹುತವೆಲ್ಲ ಆ ಸ್ವಲ್ಪ ಹೊತ್ತಿನಲ್ಲಿಯೇ ನಡೆದುಹೋಗುತ್ತದೆ. ಹಡಗಿನ ಹಿಂದೆ ಕಾದಿರುವ ಆಲ್ಬಟ್ರಾಸಿಗೆ ಕಾಣುವುದು ಎರೆ. ಕಾಣದಿರುವುದು ಅದರೊಳಗಿನ ಕಬ್ಬಿಣ. ಅದು ಎರಗಿ ನುಂಗುತ್ತದೆ. ಕೊಕ್ಕೆಯು ಗಂಟಲಿಗೋ ಕೊಕ್ಕಿಗೋ ನಾಟುತ್ತದೆ. ಮುಳುಗುತ್ತಿರುವ ಹಗ್ಗದ ಭಾರವು ಹಕ್ಕಿಯನ್ನು ನೀರಿನೊಳಕ್ಕೆ ಎಳೆದೊಯ್ಯುತ್ತದೆ. ಮಹಾಸಾಗರಗಳನ್ನು ದಾಟುವ ರೆಕ್ಕೆಗಳು ನೀರಿನೊಳಗೆ ನಿರುಪಯುಕ್ತ. ಗಂಟೆಗಳ ಬಳಿಕ ಹಗ್ಗವನ್ನು ಎಳೆದಾಗ ಮೀನಿನ ಜಾಗದಲ್ಲಿ ಉಸಿರುಕಟ್ಟಿ ಸತ್ತ ಹಕ್ಕಿ ಮೇಲೆ ಬರುತ್ತದೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಅದನ್ನು ಬಿಡಿಸಿ ಕಡಲಿಗೆ ಎಸೆಯುತ್ತಾರೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯಿದೆ. ಇಲ್ಲಿ ಬೆಕ್ಕಿನ ಚೆಲ್ಲಾಟವೂ ಇಲ್ಲ, ಬರಿಯ ಪ್ರಾಣಸಂಕಟವಷ್ಟೆ.

ನೆಲದಿಂದ ನೂರಾರು ಮೈಲಿ ದೂರದಲ್ಲಿ ನಡೆಯುವ ಈ ಸಾವುಗಳು ಬಹುಕಾಲ ಲೋಕದ ಕಣ್ಣಿಗೆ ಬೀಳಲಿಲ್ಲ. ಹಕ್ಕಿಗಳು ಗೂಡು ಕಟ್ಟುವ ದ್ವೀಪಗಳಲ್ಲಿ ವರ್ಷವರ್ಷವೂ ಎಣಿಕೆ ಮಾಡುತ್ತಿದ್ದ ವಿಜ್ಞಾನಿಗಳಿಗೆ ಗೂಡುಗಳು ಕಡಿಮೆಯಾಗುತ್ತಿರುವುದು ತಿಳಿದಿತ್ತು. ಕಾರಣವನ್ನು ಕಂಡವನು ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದ ನೈಜೆಲ್ ಬ್ರದರ್ಸ್ ಎಂಬ ಜೀವವಿಜ್ಞಾನಿ. ಅವನು ಜಪಾನಿನ ಹಡಗುಗಳಲ್ಲಿಯೇ ಪ್ರಯಾಣ ಮಾಡಿ, ಕೊಕ್ಕೆಗೆ ಸಿಕ್ಕಿದ ಹಕ್ಕಿಗಳನ್ನು ಎಣಿಸಿ, ದಕ್ಷಿಣದ ಕಡಲಿನಲ್ಲಿ ಹೀಗೆ ವರ್ಷಕ್ಕೆ ಸುಮಾರು 44,000 ಆಲ್ಬಟ್ರಾಸ್‌ಗಳು ಸಾಯುತ್ತಿವೆಯೆಂದು 1991ರಲ್ಲಿ ಪ್ರಕಟಿಸಿದನು.

ಸಾವಿರಾರು ಕೊಕ್ಕೆಗಳಿಗೆ ಒಂದು ಹಕ್ಕಿ ಸಿಕ್ಕಿದರೆ ಹಡಗಿನಲ್ಲಿರುವವನಿಗೆ ಅದು ಲೆಕ್ಕಕ್ಕೆ ಬಾರದ ಸಂಗತಿ. ಆದರೆ ಕೊಡದ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ, ತುಂಬುವ ನೀರು ಹನಿಹನಿಯಾಗಿದ್ದರೆ ಕೊಡ ಬರಿದಾಗುವುದು ನಿಶ್ಚಯವಲ್ಲವೆ? ಬೂತಾಯಿಯಂತಹ ಮೀನು ಒಂದು ಋತುವಿನಲ್ಲಿ ಸಾವಿರಾರು ಮೊಟ್ಟೆಗಳನ್ನು ಇಡುತ್ತದೆ; ಆಲ್ಬಟ್ರಾಸ್ ಇಡುವುದು ಒಂದನ್ನು. ಪ್ರಾಯದ ಒಂದು ಹಕ್ಕಿ ಸತ್ತರೆ ಆ ಸ್ಥಾನವನ್ನು ತುಂಬಲು ಮರಿಯೊಂದು ಹತ್ತು ವರ್ಷ ಬದುಕಿ ಉಳಿಯಬೇಕು. ಅದಲ್ಲದೆ ಸಾಯುವುದು ಒಂದೇ ಹಕ್ಕಿಯಲ್ಲ. ತಾಯಿಯೋ ತಂದೆಯೋ ಮರಳದಿದ್ದರೆ ಗೂಡಿನಲ್ಲಿ ಕಾದಿರುವ ಮರಿಯೂ ಹಸಿವಿನಿಂದ ಸಾಯುತ್ತದೆ. ಒಬ್ಬರೇ ಅದನ್ನು ಸಾಕಲಾರರು. ಉಳಿದ ಸಂಗಾತಿಯು ಹೊಸ ಜೊತೆಯನ್ನು ಹುಡುಕಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಅಲೆಮಾರಿ ಆಲ್ಬಟ್ರಾಸಿನ ಹೆಣ್ಣುಗಳು ಗಂಡುಗಳಿಗಿಂತ ಉತ್ತರದ ಬೆಚ್ಚಗಿನ ನೀರಿಗೆ ಹೋಗುತ್ತವೆ. ಟ್ಯೂನಾ ಹಡಗುಗಳು ಹೆಚ್ಚಾಗಿರುವುದೂ ಅಲ್ಲಿಯೇ. ಆದುದರಿಂದ ಹೆಣ್ಣುಗಳೇ ಹೆಚ್ಚಾಗಿ ಸಾಯುತ್ತವೆ.

ಕಡಲಹಕ್ಕಿಗಳಿಗೆ ಒದಗಿದ ಕಷ್ಟ ಉದ್ದಗಾಳದೊಂದಿಗೆ ಮುಗಿಯುವುದಿಲ್ಲ. ಟ್ರಾಲರ್ ಹಡಗುಗಳು ಬಲೆಯನ್ನು ಎಳೆಯಲು ಬಳಸುವ ಉಕ್ಕಿನ ಹಗ್ಗಗಳಿಗೆ ಬಡಿದು ಹಕ್ಕಿಗಳು ರೆಕ್ಕೆ ಮುರಿದುಕೊಳ್ಳುತ್ತವೆ. ನೀರಿನಲ್ಲಿ ಗೋಡೆಯಂತೆ ನಿಲ್ಲಿಸಿದ ಬಲೆಗಳಲ್ಲಿ ಮುಳುಗುವ ಹಕ್ಕಿಗಳು ಸಿಕ್ಕಿಕೊಳ್ಳುತ್ತವೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ ಲೋಕದ ಉದ್ದಗಾಳಗಳಿಂದ ವರ್ಷಕ್ಕೆ ಕಡಿಮೆಯೆಂದರೂ 1,60,000 ಕಡಲಹಕ್ಕಿಗಳು ಸಾಯುತ್ತಿದ್ದವು. 2013ರ ಇನ್ನೊಂದು ಅಧ್ಯಯನವು ಬಲೆಗೋಡೆಗಳಿಂದ ಸಾಯುವ ಹಕ್ಕಿಗಳು ವರ್ಷಕ್ಕೆ 4,00,000 ಎಂದು ಅಂದಾಜು ಮಾಡಿತು. ಇನ್ನು ಕೆಲವೆಡೆ ಮೀನುಗಾರಿಕೆಯು ಹಕ್ಕಿಯನ್ನು ಮುಟ್ಟುವುದೇ ಇಲ್ಲ. ಅದರ ಬಾಯಿಯ ತುತ್ತನ್ನು ತೆಗೆದುಕೊಳ್ಳುತ್ತದೆ. ದಕ್ಷಿಣ ಆಫ್ರಿಕದ ತೀರದ ಪೆಂಗ್ವಿನ್‌ಗಳು ಸಾರ್ಡಿನ್, ಆಂಚೊವಿ ಎಂಬ ಸಣ್ಣ ಮೀನುಗಳನ್ನು ನೆಚ್ಚಿ ಬದುಕುತ್ತವೆ. ದೊಡ್ಡ ಬಲೆಗಳು ಹಿಡಿಯುವುದೂ ಅವನ್ನೇ. ಕಡಲಿನ ಸ್ಥಿತಿ ಬದಲಾಗಿ ಮೀನು ಕಡಿಮೆಯಾದ ಕಾಲದಲ್ಲಿ ಈ ಪೈಪೋಟಿಯು ಹಕ್ಕಿಗೆ ಇನ್ನಷ್ಟು ಕಠಿಣವಾಯಿತು. ಸಂತಾನ ಬೆಳೆಸುವ ಜೋಡಿಗಳು ಹತ್ತು ಸಾವಿರಕ್ಕಿಂತ ಕಡಿಮೆಯಾಗಿ, 2024ರಲ್ಲಿ ಆಫ್ರಿಕದ ಪೆಂಗ್ವಿನ್ ಅತ್ಯಂತ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿತು. 2025ರ ಮಾರ್ಚಿಯಲ್ಲಿ ಅಲ್ಲಿನ ನ್ಯಾಯಾಲಯದ ಆದೇಶದಂತೆ ಪೆಂಗ್ವಿನ್‌ಗಳ ಆರು ನೆಲೆಗಳ ಸುತ್ತ ಈ ಮೀನುಗಳನ್ನು ಹಿಡಿಯದಂತೆ ಗಡಿಗಳನ್ನು ಗೊತ್ತುಮಾಡಲಾಯಿತು.

ಹಾಗಾದರೆ ಮೀನುಗಾರನೇ ಅಪರಾಧಿಯೆ? ಹಾಗೆಂದು ತೀರ್ಪು ಕೊಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ತಿಂಗಳುಗಟ್ಟಲೆ ಮನೆಮಠ ಬಿಟ್ಟು, ಕೊರೆಯುವ ಚಳಿಯಲ್ಲಿ, ಹೊಯ್ದಾಡುವ ಹಡಗಿನ ಮೇಲೆ ದುಡಿಯುವವನು ಅವನು. ಅವನು ದುಡಿಯುವುದು ಹೊಟ್ಟೆಪಾಡಿಗಾಗಿ. ಅವನು ಹಿಡಿದ ಮೀನು ಸೇರುವುದು ಯಾವುದೋ ನಗರದ ಊಟದ ಮೇಜನ್ನು. ಹಕ್ಕಿ ಸಿಕ್ಕಿದ ಕೊಕ್ಕೆಗೆ ಮೀನು ಸಿಕ್ಕುವುದಿಲ್ಲ. ಹಕ್ಕಿ ಕಿತ್ತ ಎರೆಯ ಬೆಲೆಯೂ ಅವನಿಗೇ ನಷ್ಟ. ಹಕ್ಕಿಯು ಸಾಯಬಾರದೆಂಬುದು ಅವನ ಲಾಭಕ್ಕೆ ವಿರುದ್ಧವಾದ ಮಾತೇನಲ್ಲ. ಅದಕ್ಕೆ ಸಾಕ್ಷಿಯೆಂಬಂತೆ, ಹಕ್ಕಿಗಳನ್ನು ದೂರವಿಡುವ ಮೊದಲ ಉಪಾಯವು ಹೊಳೆದದ್ದು ಜಪಾನಿನ ಮೀನುಗಾರರಿಗೇ.

ಆ ಉಪಾಯವು ಆಶ್ಚರ್ಯವಾಗುವಷ್ಟು ಸರಳವಾದುದು. ಹಡಗಿನ ಹಿಂಬದಿಯಲ್ಲಿ ಎತ್ತರವಾದ ಕಂಬವೊಂದರಿಂದ ಒಂದು ಹಗ್ಗವನ್ನು ನೀರಿನ ಮೇಲೆ ಚಾಚಿ ಬಿಡುತ್ತಾರೆ. ಆ ಹಗ್ಗದುದ್ದಕ್ಕೂ ಬಣ್ಣದ ಪಟ್ಟಿಗಳು ಜೋತುಬಿದ್ದು ಗಾಳಿಗೆ ಬಡಿದಾಡುತ್ತವೆ. ತೆನೆ ತುಂಬಿದ ಹೊಲದಲ್ಲಿ ರೈತನು ನಿಲ್ಲಿಸುವ ಬೆದರುಬೊಂಬೆಯ ಕೆಲಸವನ್ನೇ ಅವು ಕಡಲಿನಲ್ಲಿ ಮಾಡುತ್ತವೆ. ಪಟ್ಟಿಗಳಿಗೆ ಹೆದರಿದ ಹಕ್ಕಿಯು ಎರೆಯ ಹತ್ತಿರ ಬರುವುದಿಲ್ಲ. ಅಷ್ಟರಲ್ಲಿ ಕೊಕ್ಕೆಯು ಆಳಕ್ಕೆ ಇಳಿದಿರುತ್ತದೆ. ಜಪಾನೀ ಭಾಷೆಯಲ್ಲಿ ತೋರಿ ಎಂದರೆ ಹಕ್ಕಿ. ಅದರಿಂದಲೇ ಈ ಹಗ್ಗಕ್ಕೆ ತೋರಿಹಗ್ಗವೆಂಬ ಹೆಸರು ಬಂದಿದೆ. ಎರಡನೆಯ ಉಪಾಯವು ಕವಲುಹುರಿಗೆ ತೂಕ ಕಟ್ಟುವುದು. ಇದರಿಂದ ಕೊಕ್ಕೆಯು ಬೇಗನೆ ಮುಳುಗುತ್ತದೆ. ಮೂರನೆಯದು ರಾತ್ರಿಯ ಹೊತ್ತು ಗಾಳವನ್ನು ಬಿಡುವುದು. ಆಲ್ಬಟ್ರಾಸ್‌ಗಳು ಹೆಚ್ಚಾಗಿ ಹಗಲಿನಲ್ಲಿಯೇ ಆಹಾರ ಹುಡುಕುತ್ತವೆ. ಈ ಮೂರನ್ನೂ ಕೂಡಿ ಆಚರಿಸಿದರೆ ಹಕ್ಕಿಗಳ ಸಾವು ಬಹುಮಟ್ಟಿಗೆ ನಿಂತುಹೋಗುತ್ತದೆ.

ಇದು ಬರಿಯ ಆಸೆಯ ಮಾತಲ್ಲ. ದಕ್ಷಿಣ ಅಟ್ಲಾಂಟಿಕ್ ಸಾಗರದ ಸೌತ್ ಜಾರ್ಜಿಯ ದ್ವೀಪದ ಸುತ್ತ 1997ರ ಒಂದೇ ಋತುವಿನಲ್ಲಿ ಉದ್ದಗಾಳಗಳಿಗೆ ಐದು ಸಾವಿರಕ್ಕೂ ಹೆಚ್ಚು ಕಡಲಹಕ್ಕಿಗಳು ಬಲಿಯಾದವು. ಆಮೇಲೆ ಅಲ್ಲಿ ನಿಯಮಗಳನ್ನು ಬಿಗಿಗೊಳಿಸಿದರು. ಬಹುಪಾಲು ಹಕ್ಕಿಗಳು ಗೂಡು ಬಿಟ್ಟು ಹೋಗಿರುವ ಚಳಿಗಾಲದಲ್ಲಿ ಮಾತ್ರ, ರಾತ್ರಿಯಲ್ಲಿ ಮಾತ್ರ, ತೂಕ ಕಟ್ಟಿದ ಗಾಳದಿಂದ ಮಾತ್ರ ಮೀನು ಹಿಡಿಯಬೇಕಾಯಿತು. ಸುಮಾರು ಹತ್ತು ವರ್ಷಗಳೊಳಗೆ ಪರವಾನಗಿ ಪಡೆದ ಹಡಗುಗಳಲ್ಲಿ ಹಕ್ಕಿಯ ಸಾವು ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಮೀನುಗಾರಿಕೆಯು ನಿಲ್ಲಲಿಲ್ಲ. ಆಫ್ರಿಕದ ನಮೀಬಿಯ ದೇಶವು 2015ರಲ್ಲಿ ತೋರಿಹಗ್ಗವನ್ನು ಕಡ್ಡಾಯ ಮಾಡಿತು. ಅಲ್ಲಿ ಹಡಗಿಗೆ ಹಡಗಿಗೆ ಹೋಗಿ ಮೀನುಗಾರರಿಗೆ ಈ ಕ್ರಮಗಳನ್ನು ಕಲಿಸುವ ಕಾರ್ಯಕರ್ತರಿದ್ದರು. ವಾಲ್ವಿಸ್ ಬೇ ಎಂಬ ಬಂದರಿನಲ್ಲಿ ಮಹಿಳೆಯರ ಸಂಘವೊಂದು ತೋರಿಹಗ್ಗಗಳನ್ನು ಹೆಣೆದು ಮಾರುವ ಕೆಲಸವನ್ನು ಕೈಗೊಂಡಿತು. ಅಲ್ಲಿನ ಉದ್ದಗಾಳದ ಮೀನುಗಾರಿಕೆಯಲ್ಲಿ ಹಕ್ಕಿಗಳ ಸಾವು ನೂರಕ್ಕೆ 98ರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟವಾಯಿತು. ಹಕ್ಕಿ ಉಳಿಯಿತು, ಮೀನುಗಾರನ ಕಸುಬೂ ಉಳಿಯಿತು, ಹಲವು ಮನೆಗಳಿಗೆ ಅನ್ನದ ದಾರಿಯೂ ಆಯಿತು.

ಆದರೂ ಕಥೆಯು ಸುಖಾಂತವಾಗಿದೆಯೆಂದು ಹೇಳುವಂತಿಲ್ಲ. 22 ಜಾತಿಯ ಆಲ್ಬಟ್ರಾಸ್‌ಗಳಲ್ಲಿ 15 ಜಾತಿಗಳು ಇನ್ನೂ ಅಳಿವಿನ ಭೀತಿಯಲ್ಲಿವೆ. ಸೌತ್ ಜಾರ್ಜಿಯದ ಸುತ್ತಲಿನ ನೀರು ನಿರಪಾಯವಾದರೂ ಅಲ್ಲಿನ ಅಲೆಮಾರಿ ಆಲ್ಬಟ್ರಾಸ್‌ಗಳು ಕಡಿಮೆಯಾಗುತ್ತಲೇ ಬಂದಿವೆ. ಏಕೆಂದರೆ ಅವು ಸಾವಿರಾರು ಮೈಲಿ ಹಾರಿ ಬೇರೆ ಕಡಲುಗಳಿಗೆ ಹೋಗುತ್ತವೆ. ಅಲ್ಲಿ ಎಲ್ಲ ಹಡಗುಗಳೂ ಪಟ್ಟಿ ಕಟ್ಟಿರುವುದಿಲ್ಲ, ನೋಡುವವರೂ ಇರುವುದಿಲ್ಲ. ಹಕ್ಕಿಗೆ ದೇಶದ ಗಡಿ ತಿಳಿಯದು. ಒಂದು ದೇಶದ ಕಾನೂನು ಅದನ್ನು ಕೊನೆಯವರೆಗೂ ಕಾಯಲಾರದು. ಅದಕ್ಕಾಗಿಯೇ ಹಲವು ದೇಶಗಳು ಕೂಡಿ ಆಲ್ಬಟ್ರಾಸ್‌ಗಳನ್ನು ಉಳಿಸುವ ಒಪ್ಪಂದವೊಂದನ್ನು ಮಾಡಿಕೊಂಡವು. ಅದು 2004ರಲ್ಲಿ ಜಾರಿಗೆ ಬಂದಿತು. ಭಾರತವೂ ಸದಸ್ಯನಾಗಿರುವ ಹಿಂದೂ ಮಹಾಸಾಗರದ ಟ್ಯೂನಾ ಆಯೋಗವು 2012ರಲ್ಲಿ, 25ನೆಯ ದಕ್ಷಿಣ ಅಕ್ಷಾಂಶದ ಆಚೆ ಗಾಳ ಹಾಕುವ ಹಡಗುಗಳು ಮೇಲೆ ಹೇಳಿದ ಮೂರು ಉಪಾಯಗಳಲ್ಲಿ ಎರಡನ್ನಾದರೂ ಅನುಸರಿಸಬೇಕೆಂದು ನಿಯಮ ಮಾಡಿತು. ಕಾರವಾರದ, ಮಲ್ಪೆಯ, ಮಂಗಳೂರಿನ ದಡಕ್ಕೆ ಬಡಿಯುವ ಅಲೆಯೂ ಇದೇ ಮಹಾಸಾಗರದ್ದು. ಅಲ್ಲಿ ಆಲ್ಬಟ್ರಾಸ್ ಕಾಣುವುದಿಲ್ಲ. ಆದರೆ ಕಡಲಿನಿಂದ ಪಡೆಯುವವನು ಕಡಲಿಗೆ ಬಿಡುವು ಕೊಡಬೇಕೆಂಬ ಮಾತು ಆ ದಡಕ್ಕೆ ಹೊಸದಲ್ಲ. ಮಳೆಗಾಲದಲ್ಲಿ ಮೀನು ಮರಿಹಾಕುವ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಬಂದರಿನಲ್ಲಿ ಲಂಗರು ಹಾಕಿ ನಿಲ್ಲುತ್ತವೆ. ದಕ್ಷಿಣದ ಹಡಗುಗಳಿಂದ ಹಕ್ಕಿಗಾಗಿ ಕೇಳುವುದೂ ಇಂತಹ ಒಂದು ಸಂಯಮವನ್ನೇ.

ದ್ವೇಷದಿಂದ ಮಾಡುವ ಕೇಡಿಗೆ ಲೋಕವು ಹೆದರುತ್ತದೆ. ಅದನ್ನು ತಡೆಯಲು ಕಾವಲು ಇಡುತ್ತದೆ. ಆದರೆ ಲಕ್ಷ್ಯವಿಲ್ಲದೆ ಆಗುವ ಕೇಡು ದ್ವೇಷದ ಕೇಡಿಗಿಂತ ಎಷ್ಟೋ ಪಾಲು ದೊಡ್ಡದಾಗಬಲ್ಲದು. ಆಲ್ಬಟ್ರಾಸನ್ನು ಕೊಲ್ಲಬೇಕೆಂದು ಯಾರೂ ಬಯಸಲಿಲ್ಲ. ಬಯಸದೆಯೇ ಅದು ಸಾಯುತ್ತ ಬಂದಿತು. ಅದು ಉಳಿಯಬೇಕಾದರೆ ಮಾತ್ರ ಯಾರೋ ಒಬ್ಬರು ಬಯಸಲೇಬೇಕು. ಕತ್ತಲಾಗುವವರೆಗೆ ಕಾಯಬೇಕು, ಹುರಿಗೆ ತೂಕ ಕಟ್ಟಬೇಕು, ಚಳಿಗಾಳಿಯಲ್ಲಿ ಹಡಗಿನ ಹಿಂಬದಿಗೆ ಹೋಗಿ ಪಟ್ಟಿಯ ಹಗ್ಗವನ್ನು ಬಿಡಬೇಕು. ಕೆಲವು ನಿಮಿಷಗಳ ಈ ಶ್ರಮದಿಂದ ಒಂದು ಹಕ್ಕಿ ಎರೆಯನ್ನು ಬಿಟ್ಟು ಮೇಲೇರುತ್ತದೆ. ಎಲ್ಲಿಯೋ ಒಂದು ದ್ವೀಪದಲ್ಲಿ, ಹಿಮ ಬೀಳುತ್ತಿರುವ ಗೂಡಿನಲ್ಲಿ, ಅದರ ಮರಿಯೊಂದು ಹಸಿದು ಕಾದಿರುತ್ತದೆ.